ಕ್ರಾಗ್‌ಬಿಯ ಎರವಲು ಗೋಲ್‌ಕೀಪರ್

"ಏನ್ ಕೊಡ್ಲಿ, ಲವ್?" ಎಂದಳು, ಫುಟ್‌ಬಾಲ್ ಮೈದಾನದಲ್ಲಿ ಮಾಂಸ ತುಂಬಿದ ಪೈ ಮಾರುವ ಬ್ರಯೊನಿ.

ಕೌಂಟರಿನಾಚೆ ನಿಂತಿದ್ದ ಬಾಗಿಲೆತ್ತರದ ಹುಡುಗನ ಕಿವಿ ಕೆಂಪಗಾಯಿತು.

"ನನಗಾ... ನನಗೆ ಹೇಳಿದ್ದಾ?"

"ನಿನಗೇ. ಹಿಂದೆ ಯಾರೂ ಇಲ್ವಲ್ಲ, ಲವ್."

ಅವನು ಜೋಯಲ್. ದಕ್ಷಿಣದ ಕಡಲತೀರದವನು. ದೊಡ್ಡ ಕ್ಲಬ್ಬೊಂದು ಒಂದು ಸೀಸನ್ನಿನ ಮಟ್ಟಿಗೆ ಕ್ರಾಗ್‌ಬಿ ಟೌನ್ ತಂಡಕ್ಕೆ ಎರವಲು ಕೊಟ್ಟಿದ್ದ ಗೋಲ್‌ಕೀಪರ್. ಕ್ರಾಗ್‌ಬಿ ಇರುವ ಉತ್ತರದ ಯಾರ್ಕ್‌ಷೈರಿನಲ್ಲಿ ಬಸ್ ಡ್ರೈವರಿನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರೂ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆಂದು ಪಾಪ, ಅವನಿಗೇನು ಗೊತ್ತು!

ಅಷ್ಟರಲ್ಲಿ ಬೋಳುತಲೆಯ ರೆಫರಿ ಬಂದ. ಬ್ರಯೊನಿ ಅವನಿಗೂ, "ಗ್ರೇವಿ ಹಾಕ್ಲಾ, ಲವ್?" ಎಂದಳು. ಆಗ ಜೋಯಲ್‌ನ ಮುಖ ನೋಡಬೇಕಿತ್ತು.

"ಓ... ಎಲ್ಲರಿಗೂ ಹೀಗೇನಾ?"

"ಬೇಜಾರಾಯ್ತಾ?"

ಇಬ್ಬರೂ ಜೋರಾಗಿ ನಕ್ಕರು.

ಅಂದಿನಿಂದ ಅಭ್ಯಾಸ ಮುಗಿದರೆ ಸಾಕು, ಜೋಯಲ್ ಕೌಂಟರಿಗೆ ಹಾಜರ್. ತಂಡ ಸೋತು ಸೋತು ನಾಲ್ಕನೇ ಡಿವಿಷನ್ನಿನ ತಳ ಸೇರಿತು. ಇಡೀ ಊರು ಮುಖ ಊದಿಸಿಕೊಂಡಿದ್ದರೆ, ಇವರಿಬ್ಬರು ಬಟಾಣಿ ಪಾತ್ರೆಯ ಪಕ್ಕ ನಿಂತು ಹರಟುತ್ತಿದ್ದರು.

ಫೆಬ್ರವರಿಯಲ್ಲಿ ಒಂದು ಪೆನಾಲ್ಟಿ ತಡೆದ ಜೋಯಲ್, ಮೈಯೆಲ್ಲ ಕೆಸರಾಗಿ ಎದ್ದು ನಿಂತು ಜನರ ನಡುವೆ ಅವಳನ್ನೇ ಹುಡುಕಿದ. ಬ್ರಯೊನಿಗೆ ಆಗಲೇ ಹೊಳೆಯಿತು. ಅಯ್ಯೋ, ಇವನ ಮೇಲೆ ನನಗೆ ಪ್ರೀತಿಯಾಗಿಬಿಟ್ಟಿದೆ... ಮರುದಿನ 'ಲವ್' ಎಂಬ ಆ ಪದ ಅವಳ ಬಾಯಿಂದ ಹೊರಡಲೇ ಇಲ್ಲ.

"ಏನ್ ಕೊಡ್ಲಿ... ಜೋಯಲ್?"

ಅವನು ಚಕಿತನಾಗಿ ನೋಡಿದ. ರೆಫರಿಗೂ ಲವ್, ಎದುರಾಳಿಗೂ ಲವ್... ನಾನೇನು ತಪ್ಪು ಮಾಡಿದೆ? ಅವನು ಬರುವುದು ಕಡಿಮೆಯಾಯಿತು. ಅವಳೂ ಕೇಳಲಿಲ್ಲ, ಸಂಕೋಚ!

ಕೊನೆಯ ಪಂದ್ಯ ಡ್ರಾ ಆಯಿತು. ಅಷ್ಟರಿಂದಲೇ ಕ್ರಾಗ್‌ಬಿ ಕೆಳಗಿನ ಹಂತಕ್ಕೆ ಬೀಳದೆ ಡಿವಿಷನ್ನಿನಲ್ಲಿ ಉಳಿದುಕೊಂಡಿತು. ಜನ ಮೈದಾನಕ್ಕೆ ನುಗ್ಗಿ ಕುಣಿಯುತ್ತಿದ್ದಾಗ, ಅಂಗಡಿಯ ಒಡತಿ ಡೊರೀನ್ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದಳು.

"ನಮ್ಮ ಮ್ಯಾನೇಜರ್ ಜೋಯಲ್‌ನ ಖಾಯಂ ಇಟ್ಕೋತೀವಿ ಅಂದ್ರಂತೆ. ಅವನ ಕ್ಲಬ್ಬೂ ಒಪ್ಪಿದೆ. ಇವನೇ ಒಲ್ಲೆ ಅಂತಿದಾನೆ. ನಿನಗೆ ಅವನನ್ನ ಕಂಡ್ರೆ ಆಗಲ್ವಂತೆ!"

"ನನಗಾ? ಯಾರು ಹೇಳಿದ್ದು?"

"ಹೆಸರು ಹಿಡಿದು ಕರೀತೀಯಲ್ಲೇ ಪೆದ್ದಿ! ನಮ್ಮೂರಲ್ಲಿ ಹಾಗೆ ಕರೆಯೋದು ಜಗಳ ಆದಾಗ ತಾನೇ?"

ಬ್ರಯೊನಿ ಏಪ್ರನ್ ಬಿಚ್ಚದೆಯೇ ಓಡಿದಳು. ಜೋಯಲ್ ಕಾರಿಗೆ ಚೀಲ ತುಂಬುತ್ತಿದ್ದ.

"ಜೋಯಲ್, ನಿಲ್ಲು..."

"ನೋಡು, ಮತ್ತೆ ಹೆಸರು," ಎಂದ, ತಿರುಗದೆಯೇ.

"ಎಲ್ಲರಿಗೂ ಅಂದು ಅಂದು ಆ ಮಾತು ಸವೆದುಹೋಗಿದೆ ಕಣೋ. ನಿನ್ನ ಮುಂದೆ ಮಾತ್ರ ಅದು ನಿಜ ಆಗ್ಬಿಡ್ತು... ಗ್ರೇವಿ ಸುರೀತಾ ಸುಮ್ನೆ ಅನ್ನೋಕೆ ಆಗ್ಲಿಲ್ಲ. ನೀನಂದ್ರೆ ನನಗೆ ಪ್ರಾಣ. ಹೋಗ್ಬೇಡ."

ಜೋಯಲ್ ತಿರುಗಿದ. ಅವನ ಕಣ್ಣು ತುಂಬಿ ಬಂತು. ಮೆಲ್ಲಗೆ ಕಾರಿನ ಡಿಕ್ಕಿ ಮುಚ್ಚಿದ.

"ಮ್ಯಾನೇಜರ್ ಇನ್ನೂ ಒಳಗಿದಾರಾ?"

"ಇದಾರೆ. ಮೂರನೇ ಪೈ ತಿಂತಿದಾರೆ."

"ಹಾಗಾದ್ರೆ ನೀನೂ ಬಾ. ಸಹಿ ಹಾಕುವಾಗ ಕೈ ನಡುಗಿದ್ರೆ ಹಿಡ್ಕೋ."

"ಗೋಲ್‌ಕೀಪರ್ ಕೈಯೇ ನಡುಗಿದ್ರೆ ನಮ್ಮ ತಂಡದ ಗತಿ ಏನೋ?" ಎನ್ನುತ್ತ ಬ್ರಯೊನಿ ಆಗಲೇ ಅವನ ಕೈ ಹಿಡಿದುಕೊಂಡಳು.