ಹಂಚಿನ ಮೇಲಿನ ನೀಲಿ

"ರೊಟ್ಟಿ ಹಂಚಿನ್ಯಾಗ ಹೊಳಿ ಉಸುಕು! ಲಗ್ನಕ್ಕ ಬಂದ ಗಂಡಸು ಮಾಡೂ ಕೆಲಸೇನ್ರಿ ಇದು?"

ದಿಗ್ಗೇವಾಡಿಯ ಆ ಅಡುಗೆಮನೆ ಬಾಗಿಲಲ್ಲಿ ನಿಂತು ಸ್ನೇಹಲ ಮೂಗು ಮುರಿದಳು. ಒಳಗೆ ರೂಪೇಶ ತಾಯಿಯ ಹಂಚನ್ನು ಗ್ಯಾಸಿನ ಮೇಲಿಟ್ಟು, ಉಸುಕು ಹರಡಿ, ಗುಲಗಂಜಿಯಷ್ಟು ಸ್ಕ್ರೂ ಕಾಯಿಸುತ್ತಿದ್ದ. ಇವನನ್ನು ಮದುವೆಯಾಗಲು ಹೂಂ ಅನ್ನುತ್ತೀಯೋ ಇಲ್ಲವೋ, ಸಂಜೆಗೆ ಫೋನ್ ಮಾಡಿ ಕೇಳುತ್ತೇವೆ ಎಂದಿದ್ದರು ಅವಳ ಮನೆಯವರು. ಹೇಳುವುದೇನು ಬಂತು, ಮಣ್ಣು! ಅಜ್ಜನ ಕಸಿ ಚಾಕುವನ್ನು ರಿಪೇರಿಗೆಂದು ಇವನ ಕೈಗೆ ಕೊಟ್ಟು ಹದಿನೈದು ದಿನವಾಗಿತ್ತು. ಅದನ್ನು ಇಸಿದುಕೊಂಡು, ಒಲ್ಲೆ ಎಂದು ಮುಖದ ಮೇಲೆ ಹೇಳಿ, ತನ್ನೂರು ಮಂಗಸೂಳಿಯ ದಾರಿ ಹಿಡಿಯಲೆಂದೇ ಅವಳು ಬಂದಿದ್ದಳು.

"ಚಾಕುದ ತುಕ್ಕು ತಿಕ್ಕೀನ್ರಿ. ಈಗ ನೀಲಿ ಹಿಡಸಾಕತ್ತೀನಿ," ಎಂದ ಅವನು, ತಲೆ ಎತ್ತದೆ.

"ರಾಯಬಾಗದಾಗ ಪೇಂಟ್ ಸಿಗಲಿಲ್ಲೇನು?"

"ಪೇಂಟ್ ಅಲ್ರಿ. ಕಾದ್ರ ಉಕ್ಕಿಗೆ ತಾನ ಬಣ್ಣ ಬರತೈತಿ. ಮೊದಲ ಹಳದಿ, ಆಮ್ಯಾಲ ನೇರಳೆ, ಆಮ್ಯಾಲ ನೀಲಿ. ಆಗ ತಗದ್ರ ಬರೋಬ್ಬರಿ. ಚಣ ತಡಾ ಆತಂದ್ರ ಬೂದಿ."

ಬೂದಿ ಬಣ್ಣಕ್ಕೆ ತಿರುಗಿದ ಸ್ಕ್ರೂಗಳು ಡಬ್ಬಿ ತುಂಬ ಬಿದ್ದಿದ್ದವು. ಇಷ್ಟು ಸುಟ್ಟರೂ ಬುದ್ಧಿ ಬಾರದವನು ಸಂಸಾರ ಹೂಡುತ್ತಾನಂತೆ! ಅವನು ಬಿಚ್ಚಿಟ್ಟಿದ್ದ ಚಾಕುವಿನತ್ತ ಅವಳು ನೋಡಿದಳು.

"ಅಲಗು ಐತಿ. ಹಿಡಿಕಿ ಉಕ್ಕಿನ ಪಟ್ಟಿ ಒಂದ ಐತಿ. ಇನ್ನೊಂದೆಲ್ಲಿ?"

ಅವನ ಕೈ ಅಂಗಿಯ ಜೇಬಿಗೆ ಹೋಯಿತು. "ಅದು ಕೆಟ್ಟೈತ್ರಿ. ಬ್ಯಾರೆ ಮಾಡಿಕೊಡ್ತೀನಿ."

"ಕೆಟ್ಟದ್ದನ್ನ ಎದಿಗೆ ಯಾಕ ಇಟಕೊಂಡೀರಿ? ತಗೀರಿ!"

ಅವನು ಹೊರತೆಗೆದ ಪಟ್ಟಿ ನವಿಲ ಕತ್ತಿನ ನೀಲಿ. ಚೆಂದವಿತ್ತು, ಹಾಳಾದ್ದು. ನಡುವೆ ಮಾತ್ರ ಕಂದು ಹೆಬ್ಬೆಟ್ಟಿನ ಗುರುತು.

"ನಿಮ್ದ್ರಿ. ಹೋದ ವಾರ ಬಂದಾಗ 'ಏನ್ ಆಟಿಗಿ ಸಾಮಾನು' ಅಂತ ಮುಟ್ಟಿ ಒಗದಿದ್ರಲ್ಲ. ಕೈ ಜಿಡ್ಡು ಇದ್ದಲ್ಲಿ ಬಣ್ಣ ಸರಿ ಹಿಡಿಯಾಂಗಿಲ್ಲ."

"ತಿಕ್ಕಿ ಮತ್ತ ಕಾಸಬೇಕಿತ್ತು!"

"ಮನಸ್ಸಾಗಲಿಲ್ಲ." ಅವನ ಕಿವಿ ಕೆಂಪಾದವು. "ಒಲ್ಲೆ ಅನ್ನಾಕ ಬಂದೀರಿ, ಗೊತ್ತೈತಿ. ನಿಮ್ದಂತ ಇದೊಂದರ ಇರ್ಲಿ ಅಂತ…"

ಸ್ನೇಹಲ ಪಟ್ಟಿಯ ಮೇಲಿನ ತನ್ನ ಗುರುತನ್ನು ಮತ್ತೊಮ್ಮೆ ನೋಡಿದಳು. ಅಯ್ಯ, ಇಂಥ ಪೆದ್ದನನ್ನು ಬೇರೆ ಯಾವಳ ಪಾಲಿಗೆ ಬಿಡುವುದು? ಅವಳು ಅವನ ಕೈ ಎಳೆದು, ಉಳಿದ ಪಟ್ಟಿಯ ಮೇಲೆ ಹೆಬ್ಬೆಟ್ಟು ಗಟ್ಟಿಯಾಗಿ ಒತ್ತಿಸಿ, ಪಟ್ಟಿಯನ್ನು ಉಸುಕಿನ ಮೇಲೆ ಇಟ್ಟಳು.

"ಕಲಿ ಬೀಳತೈತ್ರಿ!"

"ಬೀಳಲಿ. ಜೋಡಿ ಆಗಬೇಕಲ್ಲ, ಹುಚ್ಚಪ್ಯಾಲಿ."

ಪಟ್ಟಿ ಹಳದಿಗೆ ತಿರುಗುವಾಗ ಅವಳ ಫೋನ್ ರಿಂಗಾಯಿತು. ಮನೆಯವರು. ಅವಳು ಹಂಚಿನಿಂದ ಕಣ್ಣು ಕೀಳಲಿಲ್ಲ.

"ನೀನ ಎತ್ತು. ಹೂಂ ಅಂದಾಳಂತ ಹೇಳು. ನನಗ ನೀಲಿ ನೋಡೂದೈತಿ."