ಹಳ್ಳದ ಸೆಕ್ಷನ್‌ನಲ್ಲಿ ಊರಿದ ಕಾಲು

ಅದು ಊರಬೇಕಾದ ಕಾಲೇ ಅಲ್ಲ.

ಜಾರುವ ಕಲ್ಲು ದಾಟಿಯಾಗಿತ್ತು. ನೀರು ದಾಟಿಯಾಗಿತ್ತು. ಬೇರುಗಳು ಎದ್ದು ನಿಂತ ಕಡಿದಾದ ದಂಡೆಯನ್ನೂ ಅವನು ಮೋಟರ್‌ಸೈಕಲ್ ಮೇಲೆಯೇ ಮನೆಯ ಮೆಟ್ಟಿಲು ಹತ್ತುವವನ ಹಾಗೆ ಹತ್ತಿಬಿಟ್ಟಿದ್ದ. ಇನ್ನು ಉಳಿದದ್ದು ಕೊನೆಯ ಎರಡು ಬಾವುಟಗಳ ನಡುವಿನ ಸಮತಟ್ಟಾದ ಹುಲ್ಲು. ಸೈಕಲ್ ಕಲಿಯುವ ಮಕ್ಕಳೂ ಅಲ್ಲಿ ಕಾಲು ಊರುವುದಿಲ್ಲ. ಅಲ್ಲಿಗೆ ಬಂದು ಅವನು ಅವಳ ಕಡೆ ನೋಡಿದ. ಎಡಗಾಲನ್ನು ಫುಟ್‌ರೆಸ್ಟಿನಿಂದ ಎತ್ತಿ, ಹುಲ್ಲಿನ ಮೇಲೆ ಮೆತ್ತಗೆ ಇಟ್ಟು, ಮತ್ತೆ ತೆಗೆದುಕೊಂಡ.

ಅವಳು ಒಂದು ಬೆರಳು ತೋರಿಸಿದಳು.

"ಥ್ಯಾಂಕ್ಸ್ ಮೇಡಂ," ಎಂದ ಅವನು. ದಂಡದ ಅಂಕ ಬಿದ್ದವನ ಮುಖವಲ್ಲ ಅದು. ಏನೋ ಉಡುಗೊರೆ ಸಿಕ್ಕವನ ಮುಖ.

ಇದು ಮೂರನೇ ತಿಂಗಳು. ಅವಳ ತಲೆ ಕೆಟ್ಟುಹೋಯಿತು.

ಟ್ರಯಲ್ಸ್ ಅಂದರೆ ರೇಸ್ ಅಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳ ಸಂಕಟದ ತಲೆಬುಡ ತಿಳಿಯುವುದಿಲ್ಲ. ಇಲ್ಲಿ ಯಾರಿಗೂ ಅವಸರವಿಲ್ಲ. ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಬಂಡೆ, ಕೆಸರು, ಹಳ್ಳ ನೋಡಿ ಬಾವುಟ ನೆಟ್ಟು ಸೆಕ್ಷನ್ ಮಾಡಿರುತ್ತಾರೆ. ಅಜ್ಜನ ಕಾಲದ ಮೋಟರ್‌ಸೈಕಲ್ಲುಗಳ ಮೇಲೆ, ನೆಲಕ್ಕೆ ಕಾಲು ತಾಗಿಸದೆ ಅದನ್ನು ದಾಟಬೇಕು. ಒಮ್ಮೆ ಕಾಲೂರಿದರೆ ದಂಡ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕಿಂತ ಎಷ್ಟು ಊರಿದರೂ ಮೂರು. ಬಿದ್ದರೆ, ನಿಂತರೆ ಐದು. ಕಡಿಮೆ ಅಂಕದವನೇ ಗೆದ್ದವನು. ಪ್ರತಿ ಸೆಕ್ಷನ್‌ಗೂ ಒಬ್ಬ ಅಬ್ಸರ್ವರ್, ಅವರು ಬೆರಳಲ್ಲಿ ತೋರಿಸಿದ್ದೇ ಕೊನೆಯ ಮಾತು. ಮುಷ್ಟಿ ಹಿಡಿದು ತೋರಿಸಿದರೆ ಕ್ಲೀನ್, ಅಂದರೆ ಸೊನ್ನೆ.

ಹಳ್ಳದ ಸೆಕ್ಷನ್ ಅವಳದು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುವವಳು, ತನ್ನ ಸ್ವಂತ ಸೋದರಮಾವನಿಗೇ ಐದು ಬೆರಳು ತೋರಿಸಿದವಳು. ಮಾವ ಕ್ಲಬ್ಬಿನ ಸೆಕ್ರೆಟರಿ. ಆವತ್ತಿನಿಂದ ಕ್ಲಬ್ಬಿನಲ್ಲಿ ಅವಳಿಗೆ ತಕ್ಕಡಿ ಎಂದೇ ಹೆಸರು. ಆ ಹೆಸರು ಅವಳಿಗೆ ಇಷ್ಟ, ಆದರೆ ಇಷ್ಟವೆಂದು ಯಾರಿಗೂ ಹೇಳಿರಲಿಲ್ಲ.

ಅವನು ಲಿಫ್ಟು. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು, ಅಷ್ಟಕ್ಕೇ ಆ ಹೆಸರು. ಉಳಿದ ಎಲ್ಲ ಸೆಕ್ಷನ್‌ನಲ್ಲೂ ಅವನದು ಮುಷ್ಟಿಯೇ. ಹಳ್ಳಕ್ಕೆ ಬಂದರೆ ಮಾತ್ರ ಒಂದು ಕಾಲು, ಕೆಲವೊಮ್ಮೆ ಎರಡು. ಸಂಜೆ ಅಂಕ ಕೂಡಿಸಿದಾಗ ಕೂದಲೆಳೆಯಲ್ಲಿ ಎರಡನೇ ಸ್ಥಾನ.

ಸುಮ್ಮನೆ ಸೋತಿದ್ದರೆ ಅದು ಅವನ ಹಣೆಬರಹ ಅನ್ನಬಹುದಿತ್ತು. ಆದರೆ ತೊಂದರೆ ಸುತ್ತಿಕೊಂಡದ್ದು ಅವಳಿಗೆ.

"ಪುಟ್ಟಿ, ಒಂದು ಮಾತು," ಎಂದು ಆ ಸಂಜೆ ಮಾವ ಕ್ಲಬ್ಬಿನ ಶೆಡ್ಡಿನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಒಳಗೆ ಅವಳ ಅಪ್ಪನ ಹಳೆಯ ಹಸಿರು ಗಾಡಿ ಹೊದಿಕೆಯಡಿ ನಿಂತಿತ್ತು. ಅದರ ಮೇಲೆಯೇ ಅವಳು ಓಡಿಸಲು ಕಲಿತದ್ದು. ಸ್ಪರ್ಧೆಗೆ ಮಾತ್ರ ಇಳಿದವಳಲ್ಲ. ನಾಲ್ಕು ಜನರ ಎದುರು ಬೀಳುವುದೆಂದರೆ ಅವಳಿಗೆ ಜೀವ ಹೋದಂತೆ. "ಪೇಂಟ್ ಅಂಗಡಿಯವರು ಕಮಿಟಿಗೆ ಹೇಳಿದ್ದಾರೆ. ಲಿಫ್ಟಿನ ಮೇಲೆ ನಿನಗೇನೋ ಹಗೆ ಇದೆಯಂತೆ, ಇಲ್ಲದ ಕಾಲು ತೋರಿಸ್ತೀಯಂತೆ."

"ಪೇಂಟ್ ಅಂಗಡಿಯವರೇ? ಅವನು ಸೋತಿದ್ದಕ್ಕೇ ಅಲ್ವಾ ಅವರು ಗೆದ್ದಿದ್ದು?"

"ಅದೇ ಅವರ ಗೋಳು. ಗೆದ್ದು ಮುಂದಿನ ತಿಂಗಳು ಮೇಲಿನ ಬಂಡೆ ಹತ್ರ ಬಿಸಿಲಲ್ಲಿ ಬೆಂದ್ರಲ್ಲ."

ಈ ಕ್ಲಬ್ಬಿನ ಪದ್ಧತಿಯೇ ವಿಚಿತ್ರ. ಗೆದ್ದವರು ಮುಂದಿನ ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಬಾವುಟ ಹಿಡಿದು ಮೇಲಿನ ಬಂಡೆಯ ಸೆಕ್ಷನ್ ಕಾಯಬೇಕು. ನೆರಳಿಲ್ಲ, ನೀರಿಲ್ಲ, ಬೆಳಿಗ್ಗೆ ಹತ್ತಿದರೆ ಸಂಜೆಯವರೆಗೆ ಇಳಿಯುವಂತಿಲ್ಲ. ಬೇರೆ ಯಾರೂ ಒಪ್ಪದ ಜಾಗಕ್ಕೆ ಹಿಂದೆ ಯಾರೋ ಕಂಡುಹಿಡಿದ ಉಪಾಯ ಅದು.

"ಮುಂದಿನ ಸಲವೂ ಹೀಗೇ ಆದ್ರೆ ನಿನ್ನನ್ನ ಟೀ ಮೇಜಿಗೆ ಹಾಕ್ಬೇಕಂತೆ," ಎಂದರು ಮಾವ, ಅವಳ ಮುಖ ನೋಡದೆ. "ನಾನು ಮಾತಾಡಿದ್ರೆ, ಸೊಸೆ ಪರ ಮಾತಾಡ್ತಾನೆ ಅಂತಾರೆ."

ಅವಳಿಗೆ ಅಳು ಬಂತು, ಅಳಲಿಲ್ಲ. ಯಾವ ಜನ್ಮದ ದ್ವೇಷ ಈ ಲಿಫ್ಟಿಗೆ? ದ್ವೇಷವಾದರೆ ಆ ನಗು ಯಾಕೆ? ನಗು ಅಣಕವಾದರೆ, ಅದನ್ನು ನೆನೆದಾಗಲೆಲ್ಲ ತನ್ನ ಕೆನ್ನೆ ಯಾಕೆ ಬಿಸಿಯಾಗಬೇಕು? ಕೊನೆಯ ಪ್ರಶ್ನೆಗೆ ಅವಳಿಗೆ ಅವಳ ಮೇಲೇ ಸಿಟ್ಟು ಬಂತು.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಕೋಣೆಯಲ್ಲಿ. ಆ ವಾರದಲ್ಲೇ ಒಂದು ಮಧ್ಯಾಹ್ನ ಪರದೆ ಸರಿಸಿ ಒಳಗೆ ಬಂದವನನ್ನು ನೋಡಿ ಅವಳ ಕೈಯಲ್ಲಿದ್ದ ಲೆನ್ಸು ಜಾರಿತು.

"ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು," ಎಂದ ಲಿಫ್ಟು. ತಲೆ ಬಾಚಿಕೊಂಡು ಬಂದಿದ್ದ. ಹೆಲ್ಮೆಟ್ಟಿಲ್ಲದ ಅವನ ತಲೆಯನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಂದು ಕಡೆ ಕೂದಲು ಎಷ್ಟು ಬಾಚಿದರೂ ಮಾತು ಕೇಳದೆ ಎದ್ದು ನಿಂತಿತ್ತು.

"ಏನು ತೊಂದರೆ?"

"ಕೆಲವು ಕಡೆ ನೆಲ ಸರಿಯಾಗಿ ಕಾಣಲ್ಲ."

"ಯಾವ ಕಡೆ?"

"ಹಳ್ಳದ ಹತ್ರ."

ಅವಳು ಹುಬ್ಬು ಗಂಟಿಕ್ಕಿ ಅವನ ಮೂಗಿನ ಮೇಲೆ ಭಾರದ ಫ್ರೇಮು ಕೂರಿಸಿದಳು. ಕೈ ಅವನ ಕಿವಿಗೆ ತಾಗಿತು. ಅವನ ಕಿವಿ ಕೆಂಪಾಯಿತು. ಅವಳು ಕಾಣದವಳಂತೆ ಗೋಡೆಯ ಅಕ್ಷರಗಳನ್ನು ತೋರಿಸಿ, "ಓದಿ," ಎಂದಳು.

ಅವನು ಓದಿದ. ದೊಡ್ಡದು, ಚಿಕ್ಕದು, ಇನ್ನೂ ಚಿಕ್ಕದು. ಕೊನೆಗೆ ಚಾರ್ಟಿನ ಅಂಚಿನಲ್ಲಿ ಇರುವೆ ಹರಿದಂತಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿ ಮುಗಿಸಿದ.

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

"ಹಾಗಾದ್ರೆ ಏನಾಗಿದೆ ನನಗೆ?" ಎಂದ, ನಿಜಕ್ಕೂ ಕೇಳುವವನ ಹಾಗೆ.

ಅವಳು ತಡೆದಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. "ನಿಮಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ನನಗೆ ಏನಾಗ್ತಿದೆ ಅಂತ ಹೇಳ್ತೀನಿ ಕೇಳಿ. ನಾನು ಸುಳ್ಳು ಬೆರಳು ತೋರಿಸ್ತೀನಿ ಅಂತ ಜನ ಆಡಿಕೊಳ್ತಿದ್ದಾರೆ. ಇನ್ನೊಂದು ಸಲ ನೀವು ನನ್ನ ಸೆಕ್ಷನ್‌ನಲ್ಲಿ ಕಾಲೂರಿದ್ರೆ ನನ್ನನ್ನ ತೆಗೆದು ಟೀ ಮೇಜಿಗೆ ಹಾಕ್ತಾರೆ. ನನ್ನ ಮೇಲೆ ಕೋಪ ಇದ್ರೆ ಬಾಯಿಬಿಟ್ಟು ಹೇಳಿ. ನನ್ನ ಮಾನ ಯಾಕೆ ತೆಗೀತೀರಿ?"

ಅವನ ಮುಖ ಬಿಳಿಚಿಕೊಂಡಿತು. ಫ್ರೇಮನ್ನು ತಾನೇ ತೆಗೆದು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

"ನನಗೆ ಇದು ಗೊತ್ತಿರಲಿಲ್ಲ," ಎಂದ. "ಇನ್ನು ಊರಲ್ಲ."

ಅಷ್ಟೇ. ಪರದೆ ಸರಿಸಿ ಹೊರಟುಹೋದ. ಬೇಕಾದದ್ದು ಸಿಕ್ಕಿತಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಾಲೂರುವುದಿಲ್ಲ ಅಂದರೆ ಅವನು ಗೆಲ್ಲುತ್ತಾನೆ. ಗೆಲ್ಲುವೆನೆಂದು ಗೊತ್ತಾದ ಮನುಷ್ಯ ಅಷ್ಟು ಸಪ್ಪಗೆ ಯಾಕೆ ಹೋದ?

ಸ್ಪರ್ಧೆಯ ದಿನ ಮೊದಲ ಸುತ್ತಿನಲ್ಲಿ ಅವನು ಹಳ್ಳ ಕ್ಲೀನಾಗಿ ದಾಟಿದ. ಅವಳು ಮುಷ್ಟಿ ತೋರಿಸಿದಳು. ಅವನು ತಲೆಯಾಡಿಸಿ ಹೋದ, ಥ್ಯಾಂಕ್ಸ್ ಇಲ್ಲ, ಮೇಡಂ ಇಲ್ಲ. ಎರಡನೇ ಸುತ್ತಿನಲ್ಲೂ ಹಾಗೆಯೇ. ತಿಂಗಳುಗಟ್ಟಲೆ ಬೈದುಕೊಂಡ ಆ ನಗು ಕಾಣದೆ ಹೋದದ್ದಕ್ಕೆ ಅವಳಿಗೆ ಬೇಜಾರಾಯಿತು. ಇದೆಂಥ ಹುಚ್ಚು ಎಂದು ತನ್ನನ್ನೇ ಗದರಿಕೊಂಡಳು.

ಮೂರನೇ ಸುತ್ತು, ಕೊನೆಯದು. ಶುರುವಿನ ಬಾವುಟದ ಹತ್ತಿರ ಅವನು ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಹಳ್ಳದ ನೀರಿನ ಸದ್ದು ಮಾತ್ರ ಉಳಿಯಿತು.

"ಇವತ್ತು ಗೆದ್ರೆ ಮುಂದಿನ ತಿಂಗಳು ನನ್ನನ್ನ ಮೇಲಿನ ಬಂಡೆಗೆ ಹಾಕ್ತಾರೆ," ಎಂದ.

"ಗೊತ್ತು. ಬಿಸಿಲು ಅಂತ ಭಯಾನಾ?"

"ಬಿಸಿಲಿಗಲ್ಲ. ಅಲ್ಲಿಂದ ಈ ಹಳ್ಳ ಕಾಣಲ್ಲ." ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿಮಾಡಿದ. "ಗಾಡಿ ಓಡಿಸಿದ್ರೆ ದಿನಕ್ಕೆ ಮೂರು ಸಲ ಇಲ್ಲಿಗೆ ಬರಬಹುದು. ನಿಮ್ಮ ಅಂಗಡಿಗೆ ಬರೋಣ ಅಂದ್ರೆ ಕಣ್ಣು ಕೆಡಬೇಕು, ಅದೂ ಕೆಡ್ತಿಲ್ಲ."

ಅವಳು ಏನಾದರೂ ಹೇಳುವಷ್ಟರಲ್ಲಿ ಕಿಕ್ ಹೊಡೆದೇಬಿಟ್ಟ. ಕಲ್ಲು, ನೀರು, ಬೇರು, ದಂಡೆ. ಸಮತಟ್ಟಾದ ಹುಲ್ಲು ಬಂತು. ಊರಿಬಿಡು ಎಂದು ಅವಳ ಮನಸ್ಸೇ ಕೂಗಿತು. ಬೇಡ ಎಂದೂ ಅದೇ ಮನಸ್ಸು ಕೂಗಿತು. ಅವನು ಅವಳನ್ನು ನೋಡಿದ, ಕಾಲು ಮಾತ್ರ ಅಲುಗಲಿಲ್ಲ. ಅವಳು ಮುಷ್ಟಿ ಎತ್ತಿದಳು. ಅವನು ತಿರುವಿನಲ್ಲಿ ಮರೆಯಾದ ಮೇಲೂ ಅದನ್ನು ಇಳಿಸಲು ಮರೆತೇ ನಿಂತಿದ್ದಳು.

ಸಂಜೆ ಅವನು ಗೆದ್ದ. ಪೇಂಟ್ ಅಂಗಡಿಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, "ತಕ್ಕಡಿ ಅಂದ್ರೆ ತಕ್ಕಡೀನೇ," ಎಂದು ಅವಳ ಕೈ ಕುಲುಕಿದರು. ಅವಳ ಮಾನ ಉಳಿದಿತ್ತು. ಅವಳಿಗೆ ಅದರ ಮೇಲೆ ಗಮನವೇ ಇರಲಿಲ್ಲ.

"ಅತ್ತೆ," ಎಂದಳು, ಟೀ ಲೋಟ ತೊಳೆಯುತ್ತಿದ್ದ ಮಾವನ ಹೆಂಡತಿಯ ಪಕ್ಕ ನಿಂತು. "ಒಬ್ರು, ಅಲ್ಲಿಂದ ಹಳ್ಳ ಕಾಣಲ್ಲ ಅಂತ ಬೇಜಾರು ಮಾಡಿಕೊಂಡ್ರೆ, ಏನು ಅರ್ಥ?"

"ಹಳ್ಳದಲ್ಲಿ ಏನಿದೆ?"

"ಕಲ್ಲು. ನೀರು. ಬೇರು."

"ಮತ್ತೆ?"

"ಮತ್ತೇನೂ ಇಲ್ಲ. ನಾನಿರ್ತೀನಿ."

ಅತ್ತೆ ಲೋಟ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯ ತಾಯಿ ನೀನು," ಎಂದು ಮತ್ತೆ ಲೋಟ ತೊಳೆಯತೊಡಗಿದರು.

ಆಗಲೂ ಅವಳ ಗೊಂದಲ ಪೂರ್ತಿ ಹೋಗಲಿಲ್ಲ. ಹಾಗೇ ಇರಬಹುದು, ಇಲ್ಲದೆಯೂ ಇರಬಹುದು. ತಾನೇ ಕಟ್ಟಿಕೊಂಡ ಕಥೆಯಾಗಿದ್ದರೆ? ಹೋಗಿ ಕೇಳಿದರೆ ನಗುವನೇ? ಕೇಳದಿದ್ದರೆ? ಒಂದು ಮಾತ್ರ ಅಳೆದು ತೂಗದೆ ಗೊತ್ತಾಗಿತ್ತು. ಮುಂದಿನ ತಿಂಗಳು ಹಳ್ಳದಲ್ಲಿ ನಿಂತರೆ, ಎಲ್ಲ ಗಾಡಿಗಳೂ ಬಂದುಹೋಗುತ್ತವೆ, ಅವನೊಬ್ಬ ಬರುವುದಿಲ್ಲ. ಅದನ್ನು ನೆನೆದರೆ ಎದೆ ಭಾರವಾಗುತ್ತಿತ್ತು.

ಅವಳು ಶೆಡ್ಡಿಗೆ ಹೋಗಿ ಹಸಿರು ಗಾಡಿಯ ಹೊದಿಕೆ ತೆಗೆದಳು.

"ಹಳ್ಳಕ್ಕೆ ನಿಮ್ಮ ಅತ್ತೇನ ನಿಲ್ಲಿಸ್ತೀನಿ," ಎಂದರು ಮಾವ, ಏನೂ ಕೇಳದೆ. "ಟೈರಿನ ಗಾಳಿ ಸ್ವಲ್ಪ ಇಳಿಸ್ಕೋ. ನಿಮ್ಮಪ್ಪ ಹಾಗೇ ಮಾಡ್ತಿದ್ದ."

ಮುಂದಿನ ಸ್ಪರ್ಧೆಯಲ್ಲಿ ಮೇಲಿನ ಬಂಡೆಗೆ ಬರುವಷ್ಟರಲ್ಲಿ ಅವಳ ಮೊಣಕೈ ತರಚಿತ್ತು. ದಾರಿಯ ಒಂದೊಂದು ಸೆಕ್ಷನ್‌ನಲ್ಲೂ ಮೂರೋ ಐದೋ ಬೆರಳು ನೋಡಿಕೊಂಡೇ ಬಂದಿದ್ದಳು. ಹತ್ತಾರು ಜನ ನೋಡಿದ್ದರು. ಜೀವ ಹೋಗಿರಲಿಲ್ಲ.

ಅವನು ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಕಲ್ಲಿನ ಮೇಲೆ ಕೂತಿದ್ದ. ಎಂಜಿನ್ ಸದ್ದಿಗೆ ಬೇಸರದಿಂದ ಎದ್ದು ನಿಂತವನು, ಹೆಲ್ಮೆಟ್ಟಿನೊಳಗಿನ ಮುಖ ಕಂಡು ಬಾವುಟವನ್ನೇ ಕೆಳಗೆ ಬಿಟ್ಟ.

"ನೀವು?"

"ಇಲ್ಲಿಂದ ಹಳ್ಳ ಕಾಣಲ್ಲ ಅಂದ್ರಲ್ಲ," ಎಂದಳು. ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ಬಂದ ಮಾತು. "ಅದಕ್ಕೆ ಹಳ್ಳದವಳೇ ಬಂದೆ."

ಹೇಳಿದ್ದೇ ತಡ, ನಾಚಿಕೆಯಿಂದ ಕ್ಲಚ್ ಬಿಟ್ಟಳು. ಅರ್ಧ ಬಂಡೆ ಚೆನ್ನಾಗಿಯೇ ಹತ್ತಿತು ಗಾಡಿ. ಆಮೇಲೆ ಅವಳು ಮಾಡಬಾರದ್ದನ್ನು ಮಾಡಿದಳು, ಅವನು ನೋಡುತ್ತಿದ್ದಾನೋ ಎಂದು ನೋಡಿದಳು. ನೋಡುತ್ತಿದ್ದ. ಮುಂದಿನ ಚಕ್ರ ಎತ್ತಲೋ ತಿರುಗಿ, ಅವಳೂ ಗಾಡಿಯೂ ಮೆಲ್ಲಗೆ ಪಕ್ಕಕ್ಕೆ ಒರಗಿ ಮಲಗಿಬಿಟ್ಟರು.

ಅವನು ಓಡಿಬಂದ. ಪೆಟ್ಟಾಯಿತೇ ಎಂದು ಕಣ್ಣಲ್ಲೇ ಕೇಳಿ, ಇಲ್ಲವೆಂದು ತಿಳಿದ ಮೇಲೆ ಅಬ್ಸರ್ವರ್ ಕೆಲಸ ನೆನಪಾಗಿ, ಗಂಭೀರವಾಗಿ ಐದು ಬೆರಳನ್ನೂ ಬಿಡಿಸಿ ಅವಳ ಮುಂದೆ ಹಿಡಿದ.

"ನನಗೂ ಐದೇನಾ?"

"ಬಿದ್ದೆಯಲ್ಲ. ನಿನ್ನ ಹತ್ರಾನೇ ಕಲಿತಿದ್ದು, ತಕ್ಕಡಿ." 'ನೀವು' ಎಲ್ಲಿ ಬಿದ್ದುಹೋಯಿತೋ ಅವನಿಗೂ ತಿಳಿಯಲಿಲ್ಲ. "ನಿನ್ನನ್ನ ನೋಡೋದಕ್ಕೇ ಸೋಲ್ತಿದ್ದೆ. ನೀನಂದ್ರೆ ನನಗೆ ತುಂಬಾ ಇಷ್ಟ. ಮೊದಲೇ ಹೇಳ್ಬೇಕಿತ್ತು."

ಬಿಡಿಸಿದ ಕೈ ಇನ್ನೂ ಹಾಗೆಯೇ ಇತ್ತು. ಅವಳು ತನ್ನ ಕೆಸರು ಗ್ಲೌಸಿನ ಕೈಯನ್ನು ಅದರೊಳಗಿಟ್ಟಳು. ಅವನು ಎಳೆದು ಎಬ್ಬಿಸಿದ, ಎಬ್ಬಿಸಿದ ಮೇಲೂ ಬಿಡಲಿಲ್ಲ.

"ಹೇಳಿದ್ರೆ ನನ್ನ ತಲೆ ಇಷ್ಟು ಕೆಡ್ತಿರಲಿಲ್ಲ," ಎಂದಳು ಅವಳು. "ನನಗೂ ಇಷ್ಟ ಅಂತ ಬೇಗ ಗೊತ್ತಾಗ್ತಿತ್ತು."

ಕೆಳಗಿನಿಂದ ಪೇಂಟ್ ಅಂಗಡಿಯವರು ಹಾರ್ನ್ ಬಾರಿಸಿದರು. "ಏನಪ್ಪಾ ಲಿಫ್ಟು, ಸೆಕ್ಷನ್ ಖಾಲಿ ಆಗುತ್ತೋ ಇಲ್ವೋ?"

ಅವನು ಗಾಡಿ ಎತ್ತಿ ನಿಲ್ಲಿಸಿ ಹ್ಯಾಂಡಲ್ ಅವಳ ಕೈಗೆ ಕೊಟ್ಟ. "ಮತ್ತೆ ಬರ್ತೀಯಾ?"

"ಇನ್ನೂ ಎರಡು ಸುತ್ತು ಇದೆಯಲ್ಲ."

"ಹುಷಾರು, ಗೆದ್ದುಗಿದ್ದುಬಿಟ್ಟೀಯ."

"ಈ ಜನ್ಮದಲ್ಲಿ ಇಲ್ಲ," ಎಂದು ಅವಳು ಕಿಕ್ ಹೊಡೆದಳು, ಹೊರಡುವ ಮುನ್ನ ಸಮತಟ್ಟಾದ ನೆಲದ ಮೇಲೆ ಬೇಕೆಂದೇ ಎಡಗಾಲನ್ನೊಮ್ಮೆ ಮೆತ್ತಗೆ ಊರಿದಳು.