ಯುದ್ಧ ನೋಡೋಕೆ ಬಂದವರು

"ನಿಮ್ಮಕ್ಕ ಅಲ್ಲಿ ಬಾಂಬಿನ ಕೆಳಗವ್ರೆ... ನೀವಿಲ್ಲಿ ಆರಾಮಾಗಿ ಹೂವಿನ ಮೊಗ್ಗು ಚಿವುಟ್ತಾ ಕೂತಿದ್ದೀರಲ್ಲ!"

ಶೋಭಿತಾ ಬೆಚ್ಚಿ ತಲೆಯೆತ್ತಿದಳು. ಹಿತ್ತಲ ಬಾಗಿಲಲ್ಲಿ ಯಾರೋ ಗಂಡಸು. ಕೈಯಲ್ಲಿ ಹೆಲ್ಮೆಟ್ಟು, ಮುಖದ ತುಂಬ ಉಪದೇಶ.

"ಯಾರಯ್ಯಾ ನೀನು?"

"ನಾಗೇಶ. ಮದ್ದೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡ್ತೀನಿ. ನಮ್ಮ ಸೋದರತ್ತೆ ಮಂಚಮ್ಮನ್ನ ಬೈಕಲ್ಲಿ ಕರ್ಕೊಂಡ್ ಬಂದೆ."

"ಓಹೋ, ಯುದ್ಧ ನೋಡಕೆ ಬಂದ್ರಾ? ಟೀವಿ ಒಳಗದೆ. ಓಗು, ಕುರ್ಚಿ ಖಾಲಿ ಇದ್ರೆ ಕೂತ್ಕೊ!"

ಅವನ ಮುಖ ಕೆಂಪಾಯಿತು. ಆಗಲಿ, ಎಂದುಕೊಂಡಳು ಶೋಭಿತಾ.

ಅವಳ ಅಕ್ಕ ಪುಷ್ಪಾ ಸಮುದ್ರದಾಚೆಯ ಊರೊಂದರಲ್ಲಿ ನರ್ಸು. ಆ ಊರಿನ ಮೇಲೆ ಕ್ಷಿಪಣಿ ಬೀಳತೊಡಗಿದಾಗಿನಿಂದ ಅವಳ ಫೋನ್ ಸಿಗುತ್ತಿರಲಿಲ್ಲ. ಹಲಗೂರಿನಲ್ಲಿ ಟೀವಿ ಇಲ್ಲದ ಮನೆ ಯಾವುದಿದೆ? ಆದರೂ ಯುದ್ಧ ನೋಡಲು ಎಲ್ಲರಿಗೂ ಪುಷ್ಪಾಳ ತಾಯಿ ಮಹದೇವಮ್ಮನ ಮನೆಯೇ ಬೇಕು! ಬರುವುದು, ಕಾಫಿ ಕುಡಿಯುವುದು, ಹೊಗೆಯೇಳುವ ಕಟ್ಟಡ ಕಂಡರೆ "ಅಯ್ಯೋ, ಇದೇ ಆಸ್ಪತ್ರೇನಾ?" ಎಂದು ಹೆತ್ತವಳನ್ನೇ ಕೇಳುವುದು. ಥೂ! ಇದಕ್ಕೆ ಸಮಾಧಾನ ಹೇಳುವುದು ಅಂತ ಹೆಸರು.

ಹೋಗುವಾಗಂತೂ ಒಬ್ಬರೂ "ಬತ್ತೀನಿ" ಅನ್ನುತ್ತಿರಲಿಲ್ಲ. ಸಾವಿನ ಮನೆಯಿಂದ ಎದ್ದು ಹೋಗುವವರ ಹಾಗೆ, ತುಟಿ ಬಿಚ್ಚದೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು.

ಅದನ್ನು ನೋಡಲಾರದೆ ಶೋಭಿತಾ ಹಿತ್ತಲಿಗೆ ಬರುತ್ತಿದ್ದಳು. ದಸರಾ ಕಳೆದು ಬಿಸಿಲು ಹದವಾಗಿತ್ತು. ಸೇವಂತಿಗೆಯ ಒಂದೊಂದು ಕಡ್ಡಿಗೂ ಒಂದೇ ಮೊಗ್ಗು ಉಳಿಸಿದರೆ ದೀಪಾವಳಿಗೆ ಅಂಗೈ ಅಗಲದ ಹೂ. ದೀಪಾವಳಿಗೆ ಬರುತ್ತೇನೆಂದಿದ್ದಳು ಪುಷ್ಪಾ.

'ಈ ಕೆಲಸ ಬಿಟ್ಟರೆ... ಅಕ್ಕ ಬರೋದಿಲ್ಲ ಅಂತ ನಾನೂ ಒಪ್ಪಿಕೊಂಡ ಹಾಗೆ!'

ಒಳಗೆ ಟೀವಿಯ ಕಿರುಚಾಟ ತಟ್ಟನೆ ನಿಂತಿತು.

"ಯಾಕ್ಲಾ ಆರಿಸ್ದೆ?" ಮಂಚಮ್ಮನ ದನಿ.

"ಸಾಕು ಬುಡತ್ತೆ. ಆವಮ್ಮನ ಮುಖ ನೋಡಿದ್ಯಾ?" ನಾಗೇಶನ ದನಿ.

ಮಂಚಮ್ಮ ಮೂತಿ ತಿರುವಿಕೊಂಡು, ಮಾತಿಲ್ಲದೆ ಬೀದಿಗಿಳಿದಳು. ನಾಗೇಶ ಬೈಕು ಹತ್ತಿದವನು ತಿರುಗಿ ಕೂಗಿದ.

"ಬತ್ತೀನಿ ಕಣವ್ವಾ! ನಾಳೆ ಬತ್ತೀನಿ!"

"ಲೇ, ಅಂಗನ್ಬಾರ್ದು ಕಣ್ಲಾ!"

"ಯಾಕನ್ಬಾರ್ದು? ಯಾರು ಸತ್ತವ್ರೆ ಇಲ್ಲಿ?"

ಹಿತ್ತಲಲ್ಲಿ ಶೋಭಿತಾಳ ಬೆರಳು ಮೊಗ್ಗಿನ ಮೇಲೆ ಹಾಗೇ ನಿಂತಿತು. ಇಷ್ಟು ದಿನ ತಡೆದಿದ್ದ ಕಣ್ಣೀರು ಆಗ ಬಂತು.

ಮರುದಿನ ನಿಜವಾಗಿಯೂ ಬಂದ. ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ನಿನ್ನೆ ಅಂದದ್ದು ತಪ್ಪಾಯ್ತು. ಯಾವುದ ಕೀಳ್ಬೇಕು ಹೇಳಿ."

"ಮೊದಲು ಆ ಉಪದೇಶ ಕಿತ್ತಾಕು!"

ಅವನು ತಲೆಯಾಡಿಸಿ, ಕಡ್ಡಿಯ ತುದಿಯ ದೊಡ್ಡ ಮೊಗ್ಗನ್ನೇ ಚಿವುಟಿ ಬಿಸಾಡಿದ.

"ದರಿದ್ರದೋನೇ! ಅದನ್ನೇ ಅಲ್ವೇನೋ ಉಳಿಸ್ಬೇಕಾದ್ದು!"

ಬೈಯುತ್ತಲೇ ನಕ್ಕುಬಿಟ್ಟಳು. ನಕ್ಕದ್ದಕ್ಕೆ ಭಯವೂ ಆಯಿತು. ಆದರೆ ಆಮೇಲೆ ಸಂಜೆಯಾದರೆ ಅವಳ ಕಿವಿ ಬೀದಿಯ ಕಡೆಗೇ ಇರುತ್ತಿತ್ತು.

ಅಂಥದೇ ಒಂದು ಸಂಜೆ ಫೋನ್ ಬಂತು.

"ಬದುಕಿದ್ದೀನಿ ಕಣೇ ಶೋಭೀ... ದೀಪಾವಳಿಗೆ ಬರಕಾಗಲ್ಲ. ವಾರ್ಡು ತುಂಬೋಗದೆ. ಇವರನ್ನ ಬುಟ್ಟು ಎಂಗೆ ಬರ್ಲಿ?"

ಮಹದೇವಮ್ಮ ಅತ್ತಳು, ನಕ್ಕಳು, ದೇವರ ಮುಂದೆ ಬಿದ್ದಳು. ಶೋಭಿತಾ ಹಿತ್ತಲಲ್ಲಿ ಕುಸಿದು ಬಿಕ್ಕಿದಳು. ಅಕ್ಕ ಬದುಕಿದ್ದಾಳೆ! ಆದರೆ ಇನ್ನೂ ಅಲ್ಲೇ ಇದ್ದಾಳೆ...

ಅಳು ನಿಲ್ಲುವ ಹೊತ್ತಿಗೆ, ಪಕ್ಕದಲ್ಲಿ ಕೂತಿದ್ದ ನಾಗೇಶ ಹೆಲ್ಮೆಟ್ಟು ಕೈಗೆತ್ತಿಕೊಂಡ.

"ಇನ್ನು ನಾನಿಲ್ಲಿಗೆ ಬರಕೆ ನೆಪ ಇಲ್ಲ," ಎಂದ ಮೆಲ್ಲಗೆ.

"ನೆಪ ಯಾರಿಗ್ ಬೇಕು? ಅವ್ವನ್ನ ಕೇಳು."

"ಏನಂತ?"

"ಥೂ, ಪೆದ್ದ! ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಅವನು ಹೆಲ್ಮೆಟ್ಟನ್ನು ಮತ್ತೆ ಕೆಳಗಿಟ್ಟ.

"ಕೇಳ್ತೀನಿ... ಅಕ್ಕ ಬಂದ್ಮೇಲೆ ಮದುವೆ. ಅಲ್ಲೀಗಂಟ ಕಾಯ್ತೀಯಾ ಶೋಭಿತಾ?"

ಮಣ್ಣಾದ ಕೈಯಿಂದಲೇ ಅವಳು ಅವನ ಕೈ ಹಿಡಿದಳು.

"ಕಾಯ್ತೀನಿ. ಆದ್ರೆ ಒಬ್ಳೇ ಕಾಯಕ್ಕೆ ಇನ್ನು ನನ್ ಕೈಲಾಗಲ್ಲ ಕಣೋ..."